ಹೊನ್ನೊರೆ ಮೊದಲು, ಇತರೆ ಕೊನೆಗೆ

ತಪ್ಪು ಪ್ರವೀಣ್‌ಕುಮಾರನದ್ದಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಕೊಯಮತ್ತೂರಿನ ಹುಡುಗ, ಬಿಸಿಲಲ್ಲಿ ಬೆಳೆದವನು, ನಮ್ಮ ಮಂಜಿಗೆ ಹೆದರಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದ. ನಮ್ಮ ಸಹಕಾರಿ ಟೀ ಫ್ಯಾಕ್ಟರಿಯ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಮಾಡಿಕೊಡೋದು ಅವನ ಕೆಲಸ. ಯಾರು ಎಷ್ಟು ಎಲೆ ತಂದರು ಅಂತ ತೂಗಿ ಬರೆದುಕೊಳ್ಳೋದಕ್ಕೆ ಒಂದು ಪ್ರೋಗ್ರಾಂ, ಅಷ್ಟೇ. ಪಾಪ, ಕಮಿಟಿಯವರ ಮುಂದೆ ಕೈಕಟ್ಟಿ ನಿಂತು ಬಹಳ ವಿನಯದಿಂದ ಕೇಳಿದ.

“ಸ್ಕ್ರೀನಿನ ಮೇಲ್ಗಡೆ ಒಂದು ಸಾಲು ಬರುತ್ತೆ ಸಾರ್, ಅದಕ್ಕೆ ಮೆನು ಅಂತೀವಿ. ಒಂದೊಂದನ್ನೂ ಒತ್ತಿದರೆ ಅದರ ಕೆಳಗೆ ಇನ್ನಷ್ಟು ಬಿಚ್ಚಿಕೊಳ್ಳುತ್ತೆ. ಮುಖ್ಯವಾದದ್ದು ಮೊದಲು, ಸಣ್ಣಪುಟ್ಟದ್ದು ಅದರ ಕೆಳಗೆ. ಏನೇನು ಹೆಸರಿಡಲಿ, ಯಾವುದರ ನಂತರ ಯಾವುದು, ನೀವೇ ಹೇಳಿಬಿಡಿ.”

ಅಯ್ಯೋ ಶಿವನೇ! ನಮ್ಮವರ ಹತ್ತಿರ ಕೇಳುವ ಮಾತಾ ಇದು? ನಮ್ಮ ಕಡೆ ಊರಿಗೆ ಹಟ್ಟಿ ಅಂತೇವೆ, ಸಾವಿನ ಸುದ್ದಿ ಹೇಳಿ ಕಳಿಸುವಾಗ ಕೂಡ ಯಾವ ಹಟ್ಟಿಯ ಹೆಸರಿನ ಹಿಂದೆ ಯಾವ ಹಟ್ಟಿಯ ಹೆಸರು ಬರಬೇಕು ಅಂತ ಕಟ್ಟುಪಾಡು ಉಂಟು. ಒಂದು ಹೆಸರು ಹಿಂದುಮುಂದಾದರೆ ಹೆಣ ಅಂಗಳದಲ್ಲೇ ಕಾಯಬೇಕು, ಜಗಳ ಮುಗಿಯೋವರೆಗೆ. ಬದುಕಿದ್ದಾಗ ಮರ್ಯಾದೆಗೆ ಕಾದ ಮುದುಕ ಸತ್ತಮೇಲೂ ಅದಕ್ಕೇ ಕಾಯ್ತಾನೆ.

ಕಮಿಟಿಯ ಅಧ್ಯಕ್ಷರು ಮಲ್ಲಗೌಡರು. ಹೊನ್ನೊರೆ ಹಟ್ಟಿಯ ಗೌಡರೂ ಅವರೇ. ಕೆಟ್ಟವರಲ್ಲ, ಆದರೆ ಕುರ್ಚಿ ಕಂಡರೆ ಅದು ಯಾವ ದಿಕ್ಕಿಗೆ ನೋಡ್ತಾ ಇದೆ ಅಂತ ವಿಚಾರಿಸಿಯೇ ಕೂರೋರು. ಹುಡುಗನ ಮಾತು ಕೇಳಿ ಕಣ್ಣು ಮುಚ್ಚಿ ತಲೆದೂಗಿದರು.

“ಮುಖ್ಯವಾದದ್ದು ಮೊದಲು ಅಂದೆಯಲ್ಲ, ಸರಿಯಾಗಿ ಹೇಳಿದೆ ಕಣಪ್ಪ. ಇದು ಆಫೀಸಿನಲ್ಲಿ ಮುಗಿಯೋ ವಿಷಯ ಅಲ್ಲ. ಹಟ್ಟಿಗಳ ಗೌಡರೆಲ್ಲ ಸೇರಿ ಕೂಟ ಕೂರಬೇಕು.”

ಪ್ರವೀಣ ನನ್ನ ಕಡೆ ನೋಡಿದ. ನಾನು ಇಂದ್ರಾಣಿ, ಎಲೆ ಶೆಡ್ಡಿನ ಕಂಪ್ಯೂಟರಿನ ಮುಂದೆ ಕೂರೋಳು. ತೂಕ ಹಾಕೋದು, ಬರೆದುಕೊಳ್ಳೋದು, ಚೀಟಿ ಕೊಡೋದು ನನ್ನ ಕೆಲಸ. ನಾನು ಅವನಿಗೆ ಕಣ್ಣಲ್ಲೇ ಹೇಳಿದೆ, ಬಸ್ಸು ಹಿಡಿದು ಓಡಿಹೋಗು ಮಗನೇ ಅಂತ. ಅವನಿಗೆ ಅರ್ಥವಾಗಲಿಲ್ಲ.

ಕೂಟ ಕೂತಿತು. ಗೌಡರುಗಳೆಲ್ಲ ಬಿಳಿ ರುಮಾಲು ಸುತ್ತಿ, ಬಿಳಿ ಶಾಲು ಹೊದ್ದು ಬಂದರು. ಪ್ರೋಗ್ರಾಮಿಗೆ ಬೇಕಾದದ್ದು ಎಲೆ ಒಳಗೆ, ಟೀ ಹೊರಗೆ, ಲೆಕ್ಕ, ಮುದ್ರಣ, ಇಂಥ ನಾಲ್ಕು ಮಾತು. ಆದರೆ ಕೂಟಕ್ಕೆ ಬಂದದ್ದು ಹಟ್ಟಿಗಳು. ಎಲೆ ತರೋದು ಹಟ್ಟಿಯವರು ತಾನೇ? ಹಾಗಾದರೆ ಮೇಲಿನ ಸಾಲಿನಲ್ಲಿ ಇರಬೇಕಾದ್ದು ಹಟ್ಟಿಗಳ ಹೆಸರು! ಹೊನ್ನೊರೆ ಮೊದಲು. ಯಾಕೆ ಅಂತ ಕೇಳೋ ಹಾಗಿಲ್ಲ, ಹೊನ್ನೊರೆ ಯಾವಾಗಲೂ ಮೊದಲು.

ಕೇಳಿದವನು ಅಣೆಹಟ್ಟಿಯ ಗೌಡ ವಿಶ್ವನಾಥ್. ಬ್ಯಾಂಕಿನಲ್ಲಿ ಆಫೀಸರಾಗಿದ್ದು ರಿಟೈರ್ ಆದವನು, ಬಾಯಿ ತೆರೆದರೆ ಸರ್ಕ್ಯುಲರ್. ಎದ್ದು ನಿಂತು, “ಈ ಕಾಲದಲ್ಲಿ ಮೇಲುಕೀಳು ಅನ್ನೋದೇ ತಪ್ಪು. ಅಕ್ಷರಮಾಲೆ ಪ್ರಕಾರ ಹಾಕೋಣ. ಅದು ನ್ಯಾಯ,” ಅಂದ. ಅಣೆಹಟ್ಟಿ ಅ-ಕಾರದಿಂದ ಶುರುವಾಗುತ್ತೆ ಅನ್ನೋದು ಅವನಿಗೆ ಆಗಷ್ಟೇ ಹೊಳೆಯಿತೇನೋ, ಪಾಪ.

“ಅಣೆಹಟ್ಟಿ ಹೊನ್ನೊರೆಯಿಂದ ಒಡೆದು ಹೋದದ್ದು. ಎಮ್ಮೆ ವಿಷಯಕ್ಕೆ ಜಗಳ ಮಾಡಿ ಹೋದವರು ನೀವು,” ಅಂದರು ಮಲ್ಲಗೌಡರು. “ಈ ಹುಡುಗ ಹೇಳಿದ್ದು ಕೇಳಲಿಲ್ಲವಾ? ಒಂದರಿಂದ ಹುಟ್ಟಿದ್ದು ಅದರ ಕೆಳಗೆ ಬರಬೇಕು. ನೀವು ನಮ್ಮ ಮೆನುವಿನ ಒಳಗೆ ಬನ್ನಿ.”

“ನಿಮ್ಮ ಹೊಟ್ಟೆಯೊಳಗೆ ನಾವು ಬರಬೇಕಾ?” ಅಂತ ವಿಶ್ವನಾಥ್ ಶಾಲು ಕೊಡವಿ ಎದ್ದೇ ಬಿಟ್ಟ.

ಆಮೇಲೆ ನಡೆದದ್ದನ್ನು ಏನು ಹೇಳಲಿ! ಯಾರೂ ಯಾರ ಕೆಳಗೂ ಬರಲು ಒಪ್ಪಲಿಲ್ಲ. ಎಲ್ಲರೂ ಮೇಲೆಯೇ ಬೇಕು ಅಂದರು. ಎಲ್ಲ ಹಟ್ಟಿಗಳನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಸ್ಕ್ರೀನು ಸಾಲದು, ಕೊನೆಯ ಹಟ್ಟಿಗಳು ಎರಡನೇ ಸಾಲಿಗೆ ಬೀಳ್ತಾವೆ ಅಂದ ಪ್ರವೀಣ. ಎರಡನೇ ಸಾಲಾ? ಊಟದ ಪಂಕ್ತಿಯಲ್ಲಿ ಎರಡನೇ ಸಾಲಿಗೆ ಕೂತವರನ್ನು ನಾವು ಇವತ್ತಿಗೂ ಆಡಿಕೊಳ್ತೇವೆ. ಹಾಗಾಗಿ ಅಕ್ಷರ ಸಣ್ಣ ಮಾಡಿದರು. ಇನ್ನೂ ಸಣ್ಣ. ಕೊನೆಗೆ ಸಾಲಿನಲ್ಲಿ ಎಲ್ಲ ಹಟ್ಟಿಗಳೂ ಹಿಡಿದವು, ಓದೋದಕ್ಕೆ ಮಾತ್ರ ಯಾರಿಗೂ ಆಗಲಿಲ್ಲ. ನಮ್ಮ ಮಾತನ್ನು ಇಲ್ಲಿ ಬರೆಯೋದು ತಮಿಳಿನಲ್ಲೇ; ಆ ಅಕ್ಷರದಲ್ಲಿ ನಮ್ಮ ಹಟ್ಟಿಗಳ ಹೆಸರು, ಸಾಸಿವೆ ಚೆಲ್ಲಿದ ಹಾಗೆ. ಆದರೂ ಎಲ್ಲರಿಗೂ ಖುಷಿ.

ಇನ್ನು ನನ್ನ ಕಥೆ. ನಗು ಬರೋದಿಲ್ಲ ನನಗೆ ಇದರಲ್ಲಿ, ಆದರೂ ಹೇಳ್ತೇನೆ.

ನಾನು ಹುಟ್ಟಿದ್ದು ಕರಿಕಂಬೆ ಹಟ್ಟಿಯಲ್ಲಿ, ಮದುವೆಯಾಗಿ ಬಂದದ್ದು ಹೊನ್ನೊರೆಗೆ. ಗಂಡ ತೀರಿಕೊಂಡರು, ಮಕ್ಕಳಿಲ್ಲ. ಇಳಿಜಾರಿನಲ್ಲಿ ಒಂದಿಷ್ಟು ಟೀ ತೋಟ ಬಿಟ್ಟುಹೋದರು. ಬೆಳಿಗ್ಗೆ ಎಲೆ ಕಿತ್ತು ನಾನೇ ಹೊತ್ತು ತಂದು ತೂಗಿ, ಆಮೇಲೆ ಕುರ್ಚಿಯಲ್ಲಿ ಕೂರ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ನನ್ನ ಹೆಸರು ನಂಬರಿನ ಜೊತೆ ಸುಮ್ಮನೆ ಇತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಸದರಲ್ಲಿ ಪ್ರತಿ ಹಟ್ಟಿಯ ಕೆಳಗೆ ಮನೆತನ, ಮನೆತನದ ಕೆಳಗೆ ಹಿರಿಯ, ಹಿರಿಯನ ಕೆಳಗೆ ಗಂಡುಮಕ್ಕಳು. ನಾನು ಎಲ್ಲಿ?

ಕರಿಕಂಬೆಯವರು, “ಕೊಟ್ಟ ಹೆಣ್ಣು ಅಲ್ಲವಾ, ಹೊನ್ನೊರೆಯಲ್ಲಿ ಕೇಳಮ್ಮ,” ಅಂದರು. ಹೊನ್ನೊರೆಯವರು, “ಗಂಡುಮಗ ಇಲ್ಲದ ಮನೆಗೆ ಬೇರೆ ಹೆಸರು ಯಾಕೆ? ಮೈದುನ ಇದ್ದಾನಲ್ಲ,” ಅಂದರು. ಮೈದುನ ಸಂತೋಷ್‌ಕುಮಾರ್ ಬೆಲ್ಲದಂಥ ಮಾತಿನವನು. “ಅತ್ತಿಗೆ, ನೀವೇಕೆ ಚಿಂತೆ ಮಾಡ್ತೀರಿ? ನನ್ನ ಹೆಸರಿನ ಕೆಳಗೆ ಬನ್ನಿ. ನಿಮ್ಮ ಎಲೆ ಬೇರೆ, ನಮ್ಮ ಎಲೆ ಬೇರೆಯಾ?”

ಬೇರೆಯೇ ಕಣೋ! ನಮ್ಮ ಕಡೆ ಎಲೆ ಯಾರ ಹೆಸರಲ್ಲಿ ಫ್ಯಾಕ್ಟರಿಗೆ ಹೋಗುತ್ತೋ ತೋಟ ಅವರದ್ದು ಅಂತ ಲೆಕ್ಕ. ಜಮೀನಿನ ಪಟ್ಟಾ ಪೆಟ್ಟಿಗೆಯಲ್ಲಿ ಇರುತ್ತೆ, ಅದನ್ನು ಯಾರು ನೋಡ್ತಾರೆ? ಶೆಡ್ಡಿನಲ್ಲಿ ಕೂಗೋ ಹೆಸರು ಎಲ್ಲರ ಕಿವಿಗೂ ಬೀಳುತ್ತೆ. ಒಂದೆರಡು ಮಳೆಗಾಲ ಸಂತೋಷನ ಹೆಸರಲ್ಲಿ ನನ್ನ ಎಲೆ ಹೋಗಲಿ, ಮೂರನೆಯದರಲ್ಲಿ ಅವನು ಬೇಲಿ ಹಾಕ್ತಾನೆ, ಕೂಟದವರು ಬೇಲಿಗೆ ಸಾಕ್ಷಿ ಹೇಳ್ತಾರೆ. ಹಾಗೆ ತೋಟ ಕಳೆದುಕೊಂಡವರು ನಮ್ಮ ಹಟ್ಟಿಯಲ್ಲೇ ಇದ್ದಾರೆ. ಹಬ್ಬಕ್ಕೆ ಮೈದುನನ ಮನೆಯಲ್ಲಿ ಪಾತ್ರೆ ತೊಳೀತಾರೆ. ಆ ರಾತ್ರಿಗಳಲ್ಲಿ ನಾನು ಎದ್ದೆದ್ದು ಪೆಟ್ಟಿಗೆ ತೆರೆದು ಪಟ್ಟಾ ಇದೆಯಾ ಅಂತ ನೋಡ್ತಿದ್ದೆ, ಸುಳ್ಳು ಹೇಳೋದಿಲ್ಲ.

ಕೂಟ ಮಾತ್ರ ಬೇರೆಯೇ ಲೋಕದಲ್ಲಿತ್ತು. ಹಟ್ಟಿಗಳು ಮುಗಿದ ಮೇಲೆ ಪ್ರವೀಣ ಮೆಲ್ಲಗೆ ಕೇಳಿದ, “ಸಾರ್, ಕೆಲಸದ ಆಜ್ಞೆಗಳು ಕೆಲವು ಇವೆ. ‘ಹೊರಗೆ’ ಅಂತ ಒಂದು. ಪ್ರೋಗ್ರಾಂ ಮುಚ್ಚೋದಕ್ಕೆ. ಅದು ಸಾಮಾನ್ಯವಾಗಿ ಮೊದಲನೇ ಮೆನುವಿನ ಕೊನೆಯಲ್ಲಿ ಇರುತ್ತೆ.”

ಮಲ್ಲಗೌಡರ ಮುಖ ಕೆಂಪಾಯಿತು. “ಹೊನ್ನೊರೆಯಲ್ಲಿ ‘ಹೊರಗೆ’ ಅಂತ ಬರೀತೀಯಾ? ಯಾರನ್ನು ಹೊರಗೆ ಹಾಕೋದು? ಅಣೆಹಟ್ಟಿಯಲ್ಲಿ ಹಾಕು, ಅವರಿಗೆ ಹೋಗಿ ಅಭ್ಯಾಸ ಉಂಟು.”

ವಿಶ್ವನಾಥ್ ಬಿಡ್ತಾನಾ? ಅವನೂ ಬೇಡ ಅಂದ. ‘ಅಳಿಸು’ ಅನ್ನೋದನ್ನು ಎಲ್ಲರೂ ಬೇಡ ಅಂದರು. ವಂಶದ ಹೆಸರಿನ ಕೆಳಗೆ ‘ಅಳಿಸು’ ಅಂತ ಯಾರು ಬರೆಸ್ತಾರೆ, ಅಪಶಕುನ! ‘ಸಹಾಯ’ ಅಂದಾಗ ಕರಿಕಂಬೆಯ ಗೌಡರು, “ನಾವು ಯಾರ ಹತ್ತಿರವೂ ಕೈಚಾಚಿದವರಲ್ಲ,” ಅಂದರು. ‘ತಪ್ಪು ತಿದ್ದು’ ಕೇಳಿ ಸಭೆಯೇ ತಣ್ಣಗಾಯಿತು. ಯಾರ ತಪ್ಪು? ಯಾರು ತಿದ್ದೋದು?

ಕೊನೆಗೆ ಹುಡುಗ ಬೆವರು ಒರೆಸಿಕೊಂಡು, ಆ ಚಳಿಯಲ್ಲೂ ಬೆವೆತಿದ್ದ, “ಸಾರ್, ‘ಹೊಸದು’ ಒಂದಾದರೂ ಎಲ್ಲ ಹಟ್ಟಿಗೂ ಬೇಕು. ಹೊಸ ತೂಕ ಬರೆಯೋದು ಅಲ್ಲೇ,” ಅಂದ.

“ಹೊಸದಾ?” ಅಂದರು ಮಲ್ಲಗೌಡರು. “ಈ ಬೆಟ್ಟದಲ್ಲೇ ಹೊನ್ನೊರೆಗಿಂತ ಹಳೆಯದು ಇಲ್ಲ. ನಮ್ಮ ಕೆಳಗೆ ‘ಹೊಸದು’ ಬೇಡ.” ಹೊನ್ನೊರೆಗೆ ಬೇಡವಾದದ್ದು ಯಾರಿಗೆ ಬೇಕು? ನಾವೇನು ನಿನ್ನೆ ಬಂದವರಾ ಅಂತ ಒಬ್ಬೊಬ್ಬರೂ ತಳ್ಳಿದರು.

ಹಾಗಾದರೆ ಹಟ್ಟಿಯ ಮೆನು ಒತ್ತಿದರೆ ಬರೋದೇನು? ಗೌಡರ ಫೋಟೋ. ರುಮಾಲು ಸುತ್ತಿದ ಫೋಟೋ, ಅದರ ಕೆಳಗೆ ಅವರ ಅಪ್ಪ, ಅಜ್ಜ, ಮುತ್ತಜ್ಜ, ಮನೆತನಗಳು. ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ ಅಂತಾರಲ್ಲ, ಥೇಟ್ ಅದೇ.

ಟೀ ಕುಡಿಯುವ ಹೊತ್ತಿನಲ್ಲಿ ಪ್ರವೀಣ ಶೆಡ್ಡಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ನಾನು ಅವನಿಗೆ ಬಿಸಿ ವರ್ಕಿ ಬಿಸ್ಕತ್ತು ಕೊಟ್ಟು ಕೇಳಿದೆ, “ಅಲ್ಲಪ್ಪ, ನಿಮ್ಮ ಕಡೆ ಎಲ್ಲೂ ಸೇರದ್ದು ಅಂತ ಇರುತ್ತಲ್ಲ, ಅದನ್ನೆಲ್ಲ ಎಲ್ಲಿ ಹಾಕ್ತೀರಿ?”

“ಇತರೆ ಅಂತ ಒಂದು ಇರುತ್ತೆ ಅಕ್ಕಾ. ಬಲತುದಿಯಲ್ಲಿ. ನಮ್ಮ ಆಫೀಸಿನಲ್ಲಿ ಅದನ್ನು ಹಾಕೋದಕ್ಕೆ ನಾಚಿಕೆ. ಸರಿಯಾಗಿ ಯೋಚನೆ ಮಾಡಲಿಲ್ಲ ಅಂತ ಅರ್ಥ.”

“ಇಲ್ಲಿ ಯೋಚನೆ ಮಾಡಿದವರು ಯಾರೂ ಇಲ್ಲ, ನಾಚಿಕೆ ಯಾಕೆ? ಒಂದು ಹಾಕು. ‘ಹೊಸದು’, ‘ಹೊರಗೆ’, ‘ಅಳಿಸು’ ಎಲ್ಲ ಅದರಲ್ಲಿ ಹಾಕು. ನನ್ನನ್ನೂ ಹಾಕು.”

“ನಿಮ್ಮನ್ನಾ ಅಕ್ಕಾ? ಯಾವ ಮನೆತನದ ಕೆಳಗೆ?”

“ಯಾವುದರ ಕೆಳಗೂ ಅಲ್ಲ. ಹೆಸರು ಬರೆಯೋ ಜಾಗ ಖಾಲಿ ಬಿಡು; ಮೂಟೆ ತಂದವರು ಹೆಸರು ಹೇಳ್ತಾರೆ, ನಾನು ಬರ್ಕೋತೇನೆ. ಅಷ್ಟು ಸಾಕು.”

ಕೂಟ ಅದಕ್ಕೆ ತಕರಾರು ಮಾಡಲಿಲ್ಲ. ಕೊನೆಯಲ್ಲಿ ತಾನೇ ಇರೋದು, ಇರಲಿ ಬಿಡಿ ಅಂದರು. ಹೊರಗಿನಿಂದ ಬಂದು ಇಲ್ಲಿ ಎಲೆ ಬೆಳೆಯೋರು ಒಂದಷ್ಟು ಮಂದಿ ಇದ್ದಾರೆ, ಅವರಿಗಾಯಿತು ಅಂದರು. ನನ್ನ ಹೆಸರು ಹೇಳಿದಾಗ ಸಂತೋಷ ಮಾತ್ರ, “ಅತ್ತಿಗೆ, ಗೌರವಸ್ಥರ ಮನೆಯವರು ಇತರೆಯಲ್ಲಿ ಇರೋದಾ? ನಾಲ್ಕು ಜನ ಏನಂತಾರೆ?” ಅಂದ. ಆ ನಾಲ್ಕು ಜನರನ್ನು ನಾನು ಇವತ್ತಿನವರೆಗೂ ಹುಡುಕ್ತಾ ಇದ್ದೇನೆ. ಸಿಕ್ಕರೆ ನಾಲ್ಕು ಕೊಡ್ತೇನೆ.

ಪ್ರೋಗ್ರಾಂ ಶುರುವಾದ ದಿನ ಸಣ್ಣ ಮಳೆ. ಚಿಗುರು ಜೋರಾಗಿ ಬಂದಿತ್ತು, ಹೆಂಗಸರೆಲ್ಲ ಮಧ್ಯಾಹ್ನಕ್ಕೇ ಮೂಟೆ ತಲೆಯ ಮೇಲೆ ಹೊತ್ತು ಶೆಡ್ಡಿನ ಮುಂದೆ ನಿಂತಿದ್ದರು. ಕಿತ್ತ ಎಲೆ ಮೂಟೆಯಲ್ಲಿ ಬಹಳ ಹೊತ್ತು ಕೂತರೆ ಒಳಗೇ ಬಿಸಿಯಾಗಿ ಕೆಂಪಾಗುತ್ತೆ, ಆಮೇಲೆ ದನವೂ ಮೂಸೋದಿಲ್ಲ. ಗೌಡರುಗಳು ನನ್ನ ಹಿಂದೆ ಕುರ್ಚಿ ಹಾಕಿ ಕೂತಿದ್ದರು, ತಂತಮ್ಮ ಫೋಟೋ ನೋಡೋದಕ್ಕೆ.

ಮೊದಲು ಹೊನ್ನೊರೆ ಒತ್ತಿದೆ. ಮಲ್ಲಗೌಡರ ಫೋಟೋ ಬಂತು, ಚಪ್ಪಾಳೆ. ಅವರ ಅಪ್ಪ ಬಂದರು, ಅಜ್ಜ ಬಂದರು. ಮನೆತನ ಒಂದೊಂದೇ ಇಳಿಯಿತು. ಕೊನೆಗೆ ಒಬ್ಬ ಗಂಡಸಿನ ಹೆಸರು ಸಿಕ್ಕಿತು, ಆದರೆ ತೂಕ ಬರೆಯೋ ಜಾಗ ಎಲ್ಲಿ? ಅದು ‘ಹೊಸದು’ ಅಲ್ಲವಾ, ಇತರೆಯಲ್ಲಿ ಅಲ್ಲವಾ ಇರೋದು! ಹೆಸರು ಒಂದು ಕಡೆ, ಕೆಲಸ ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

“ಇನ್ನೊಂದು ಸಲ ಒತ್ತು,” ಅಂದರು ಮಲ್ಲಗೌಡರು. ಒತ್ತಿದೆ. ಮತ್ತೆ ಅವರ ಫೋಟೋ. “ಫೋಟೋ ಚೆನ್ನಾಗಿ ಬಂದಿದೆ,” ಅಂದರು.

ಅಣೆಹಟ್ಟಿಯವರು ನಮ್ಮದು ನೋಡೋಣ ಅಂದರು. ವಿಶ್ವನಾಥ್ ಕೋಟು ಹಾಕಿದ ಫೋಟೋ ಬಂತು, ಅಪ್ಪ ಅಜ್ಜಂದಿರು ಬಂದರು, ತೂಕದ ಜಾಗ ಮಾತ್ರ ಬರಲಿಲ್ಲ. ಮುಚ್ಚೋಣ ಅಂದರೆ ‘ಹೊರಗೆ’ ಕೂಡ ಅಲ್ಲಿಲ್ಲ. ಹೊರಗೆ ಹೆಂಗಸರು ಮೂಟೆಯ ಬಾಯಿ ಬಿಚ್ಚಿ ಕೈಯಾಡಿಸಿ ಗಾಳಿ ಕೊಡ್ತಾ ನಿಂತಿದ್ದರು. ಯಾರೋ ಗಟ್ಟಿಯಾಗಿ ಬೈದರು, ಯಾರನ್ನು ಅಂತ ಹೇಳೋದಿಲ್ಲ.

ಗೌಡರುಗಳು ಪ್ರವೀಣನಿಗೆ ಫೋನು ಮಾಡೋದಕ್ಕೆ ಅಂತ ಅಂಗಳಕ್ಕೆ ಹೋದರು. ಫೋನಿನಲ್ಲಿ ಮೊದಲು ಯಾರು ಮಾತಾಡಬೇಕು ಅಂತ ಅಲ್ಲಿ ಶುರುವಾಯಿತು. ಆ ಹೊತ್ತಿಗೆ ನಾನು ನನ್ನ ಮೂಟೆ ತಕ್ಕಡಿಗೆ ಏರಿಸಿ, ಬಲತುದಿಯ ಇತರೆ ಒತ್ತಿದೆ. ಹೊಸದು, ಹೆಸರು, ತೂಕ, ಮುಗಿಯಿತು. ಚೀಟಿ ಬಂತು. ಇಂದ್ರಾಣಿ ಅಂತ ಇತ್ತು ಅದರಲ್ಲಿ. ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಒಂದು ಚೀಟಿಗೆ ಅಳೋದಾ ಅಂತ.

ಸಾಲಿನಲ್ಲಿ ಮುಂದೆ ನಿಂತಿದ್ದ ಚಿನ್ನಮ್ಮಾಳ್ ಬಗ್ಗಿ ನೋಡಿದಳು. “ಇದು ಎಲ್ಲಿಂದ ಬಂತು?”

“ಇತರೆ.”

“ನನ್ನದೂ ಅಲ್ಲೇ ಹಾಕು.”

“ನಿನ್ನ ಗಂಡ ಬೈದರೆ?”

“ಗಂಡ ಬೈದರೆ ನಾಳೆ ಬೈತಾನೆ. ಎಲೆ ಈಗ ಬೇಯ್ತಾ ಇದೆ.”

ಅವಳ ಹಿಂದಿನವಳು, ಅವಳ ಹಿಂದಿನವಳು. ಯಾವ ಹಟ್ಟಿ ಅಂತ ನಾನು ಕೇಳಲಿಲ್ಲ, ಇತರೆಯಲ್ಲಿ ಅದನ್ನು ಕೇಳೋದೇ ಇಲ್ಲ. ಕರಿಕಂಬೆಯವಳ ಹಿಂದೆ ಹೊನ್ನೊರೆಯವಳು, ಅವಳ ಹಿಂದೆ ಅಣೆಹಟ್ಟಿಯವಳು. ಬಂದ ಹಾಗೆ ನಿಂತರು, ನಿಂತ ಹಾಗೆ ತೂಗಿದರು. ಒಬ್ಬೊಬ್ಬಳೂ ಹೆಸರು ಹೇಳುವಾಗ ಒಂದು ಗಳಿಗೆ ತಡೆದು, ಸುತ್ತ ನೋಡಿ ಹೇಳ್ತಿದ್ದಳು. ಇಷ್ಟು ವರ್ಷ ಕಿತ್ತವಳು ಅವಳೇ, ಹೊತ್ತವಳು ಅವಳೇ, ಶೆಡ್ಡಿನಲ್ಲಿ ಕೂಗಿದ್ದು ಮಾತ್ರ ಗಂಡನ ಹೆಸರು.

ಆ ವಾರವೆಲ್ಲ ಹೀಗೇ ನಡೆಯಿತು. ಪ್ರವೀಣ ಮಳೆ ನೆಪ ಹೇಳಿ ಬರಲಿಲ್ಲ, ಬುದ್ಧಿವಂತ. ಸುದ್ದಿ ಗೌಡರುಗಳ ಕಿವಿಗೆ ಬಿದ್ದಾಗ ಅವರಿಗೆ ತಲೆ ತಿರುಗಿತು. ಮೇಲಿನ ಸಾಲಿನಲ್ಲಿ ಹಟ್ಟಿಗಳೆಲ್ಲ ಜರತಾರಿ ಹಾಗೆ ಮೆರೀತಾ ಇವೆ, ಒಂದರೊಳಗೂ ಒಂದು ಎಲೆ ಇಲ್ಲ. ಊರಿನ ಎಲೆಯೆಲ್ಲ ಇತರೆಯಲ್ಲಿ! ಸಂತೋಷ ಮಲ್ಲಗೌಡರ ಕಿವಿ ಕಚ್ಚಿದ್ದ, ಅತ್ತಿಗೆಯೇ ಇದಕ್ಕೆಲ್ಲ ಮೂಲ ಅಂತ.

ಕೂಟ ಈ ಸಲ ಎಲೆ ಶೆಡ್ಡಿನಲ್ಲೇ ಕೂತಿತು. ನನ್ನನ್ನು ಎದುರಿಗೆ ನಿಲ್ಲಿಸಿದರು.

“ಇಂದ್ರಾಣಿ, ಇತರೆ ಮುಚ್ಚು,” ಅಂದರು ಮಲ್ಲಗೌಡರು. “ನಿನ್ನ ಹೆಸರು ಸಂತೋಷನ ಕೆಳಗೆ ಹೋಗಲಿ. ಉಳಿದ ಹೆಂಗಸರು ಅವರವರ ಮನೆಯ ಕೆಳಗೆ. ‘ಹೊಸದು’ ನಾವೇ ಇಟ್ಟುಕೊಳ್ತೇವೆ, ‘ಹಳೆಯದು’ ಅಂತ ಹೆಸರು ಬದಲಿಸಿ.”

ತೋಟ ಕಣ್ಣ ಮುಂದೆ ಬಂತು, ಅದರ ಸುತ್ತ ಸಂತೋಷನ ಬೇಲಿ ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಮುಚ್ಚೋದಿಲ್ಲ ಗೌಡರೇ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೆದುಹಾಕಿ ನೀವೇ ಮುಚ್ಚಿ. ನನ್ನ ಎಲೆ ನನ್ನ ಹೆಸರಿನಲ್ಲೇ ಹೋಗಬೇಕು.”

“ಹೆಣ್ಣಿಗೆ ಇಷ್ಟು ನಾಲಗೆಯಾ?” ಅಂದ ವಿಶ್ವನಾಥ್. ಈ ಒಂದು ಮಾತಿಗೆ ಮಾತ್ರ ಹೊನ್ನೊರೆಯೂ ಅಣೆಹಟ್ಟಿಯೂ ಒಟ್ಟಿಗೆ ತಲೆಯಾಡಿಸಿದವು.

ಅಷ್ಟರಲ್ಲಿ ಬಾಗಿಲಿಂದ ಒಂದು ಮೂಟೆ ಒಳಗೆ ಬಂತು. ಮೂಟೆಯ ಕೆಳಗೆ ನಂಜಿಯಕ್ಕ, ಮಲ್ಲಗೌಡರ ಹೆಂಡತಿ. ಒದ್ದೆ ಸೀರೆ, ಮಂಡಿಯವರೆಗೂ ಕೆಸರು. ಗೌಡರುಗಳ ನಡುವೆಯೇ ದಾರಿ ಮಾಡಿಕೊಂಡು ಬಂದು ದಡ್ ಅಂತ ತಕ್ಕಡಿಯ ಮೇಲೆ ಇಳಿಸಿದರು.

“ತೂಗು ತಂಗಿ.”

“ಯಾವುದರಲ್ಲಿ ಅಕ್ಕಾ?” ಅಂದೆ.

“ದಿನಾ ಹಾಕೋದರಲ್ಲೇ.”

ಮಲ್ಲಗೌಡರು ಎದ್ದು ನಿಂತರು. “ದಿನಾನಾ? ಏ ನಂಜೀ, ಹೊನ್ನೊರೆ ಗೌಡನ ಮನೆ ಎಲೆ ಇತರೆಯಲ್ಲಿ ಹೋಗ್ತಾ ಇದೆಯಾ? ಅದನ್ನು ಈಗಷ್ಟೇ ಮುಚ್ಚೋದಕ್ಕೆ ಹೇಳಿದ್ದೇನೆ.”

ನಂಜಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಸಿಟ್ಟೂ ಮಾಡಲಿಲ್ಲ. “ಮುಚ್ಚಿ. ಇವಳ ಹೆಸರು ತೆಗೆದರೆ ನನ್ನದೂ ತೆಗೀರಿ. ನಾಳೆಯಿಂದ ಎಲೆ ನೀವೇ ಕೀಳಿ. ಈ ಕೂಟದವರನ್ನೂ ಕರ್ಕೊಂಡು ಹೋಗಿ, ಮೊದಲನೇ ಸಾಲಿನ ಗಿಡ ನಿಮಗೆ, ಎರಡನೇ ಸಾಲು ಅಣೆಹಟ್ಟಿಯವರಿಗೆ.”

ಹೊರಗೆ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಗೌಡರುಗಳಲ್ಲಿ ಒಬ್ಬರೂ ನಗಲಿಲ್ಲ. ತಂತಮ್ಮ ಮನೆಯಲ್ಲಿ ಎಲೆ ಕೀಳೋರು ಯಾರು ಅಂತ ಒಬ್ಬೊಬ್ಬರೂ ಮನಸ್ಸಿನಲ್ಲೇ ನೋಡಿಕೊಂಡಿರಬೇಕು. ಸಂತೋಷ ಬಾಯಿ ತೆರೆದ, ಅವನ ಹೆಂಡತಿ ಸಾಲಿನಿಂದ ಒಂದು ನೋಟ ನೋಡಿದಳು, ಮುಚ್ಚಿದ.

ಮಲ್ಲಗೌಡರು ಗಂಟಲು ಸರಿಮಾಡಿಕೊಂಡು, “ಇರಲಿ, ಈಗ ಮಳೆಗಾಲ. ಇದನ್ನು ಮುಂದೆ ನೋಡೋಣ,” ಅಂದರು. ಆಮೇಲೆ ನನ್ನ ಹತ್ತಿರ ಬಗ್ಗಿ, ಮೆಲ್ಲಗೆ, “ನಂಜಿ ಅಂತ ಬರೆಯೋ ಕಡೆ ಗೌಡರ ಮನೆ ಅಂತಲಾದರೂ ಸೇರಿಸಮ್ಮ,” ಅಂದರು.

“ಮೂಟೆ ಹೊತ್ತದ್ದು ಗೌಡರ ಮನೆ ಅಲ್ಲ,” ಅಂದರು ನಂಜಿಯಕ್ಕ. ಚೀಟಿ ಇಸ್ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಇನ್ನೊಂದು ಮೂಟೆ ಕೆಳಗೆ ರೋಡಿನಲ್ಲಿದೆ. ನನ್ನ ಕುತ್ತಿಗೆ ಬಿದ್ದುಹೋಗಿದೆ. ಹೋಗಿ ತನ್ನಿ, ನೆನೀತಾ ಇದೆ.”

ಮಲ್ಲಗೌಡರು ಕೂಟವನ್ನೆಲ್ಲ ಒಮ್ಮೆ ನೋಡಿದರು. ಎಲ್ಲರೂ ಛಾವಣಿ ನೋಡ್ತಾ ಇದ್ದರು. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಇಳಿದು ಹೋದರು.

ಬರುವಾಗ ರುಮಾಲು ಇರಲಿಲ್ಲ, ತಲೆಯ ಮೇಲೆ ಮೂಟೆ ಇತ್ತು. ಏದುಸಿರು ಬಿಡ್ತಾ ನೇರ ತಕ್ಕಡಿಯ ಹತ್ತಿರ ಬಂದರು. ಚಿನ್ನಮ್ಮಾಳ್, “ಸಾಲು ಅಲ್ಲಿಂದ ಗೌಡರೇ,” ಅಂದಳು. ಅವರು ಏನೋ ಹೇಳಲು ಹೋಗಿ, ಉಸಿರು ಸಾಲದೆ, ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಒಬ್ಬೊಬ್ಬರದೇ ತೂಗಿದೆ. ಬೇಕಂತಲೇ ನಿಧಾನ ಮಾಡಲಿಲ್ಲ, ಬೇಗವೂ ಮಾಡಲಿಲ್ಲ.

ಅವರ ಸರದಿ ಬಂತು. ನಾನು ಇತರೆ ಒತ್ತಿದೆ, ಹೊಸದು ಒತ್ತಿದೆ.

“ಹೆಸರು?” ಅಂತ ಕೇಳಿದೆ.

ಅವರು ನನ್ನನ್ನೇ ನೋಡಿದರು. ಮಳೆ ನೀರು ಮೂಗಿನ ತುದಿಯಿಂದ ತೊಟ್ಟಿಕ್ತಾ ಇತ್ತು.

“ಮಲ್ಲ,” ಅಂದರು.